ಬಿಸಿ ಅನಿಲದಲ್ಲಿ ಥರ್ಮೋಕಪಲ್ ಕಡಿಮೆ ತೋರಿಸಿದರೆ ಏನು ಮಾಡಬೇಕು

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಶೆಡ್ಡುಗಳಲ್ಲಿ ಫರ್ನೇಸಿನ ಹೊಗೆ ಡಕ್ಟಿಗೆ ಕೆ-ಟೈಪ್ ಥರ್ಮೋಕಪಲ್ (ಎರಡು ಲೋಹದ ತಂತಿ ಬೆಸೆದು ಮಾಡಿದ ಉಷ್ಣಾಂಶ ಅಳೆಯುವ ಸಾಧನ) ಇಳಿಸಿ, ಡಿಸ್‌ಪ್ಲೇ 800 ಡಿಗ್ರಿ ಸೆಲ್ಸಿಯಸ್ ಎಂದರೆ ಅನಿಲವೂ 800 ಎಂದು ಲಾಗ್ ಬುಕ್ಕಿಗೆ ಬರೆಯುವುದು ಮಾಮೂಲು. ಅದು ತೋರಿಸುವುದು ತನ್ನ ತುದಿಯ ಉಷ್ಣಾಂಶ ಮಾತ್ರ. ಆ ತುದಿ ಅನಿಲದಿಂದ ಪಡೆದ ಶಾಖವನ್ನು ತನಗಿಂತ ತಣ್ಣಗಿರುವ ಡಕ್ಟಿನ ಗೋಡೆಗೆ ವಿಕಿರಣವಾಗಿ ಕಳೆದುಕೊಳ್ಳುತ್ತಿರುತ್ತದೆ, ಹಾಗಾಗಿ ಅನಿಲದಷ್ಟು ಬಿಸಿಯಾಗದು. ಮೀಟರನ್ನು ಎಷ್ಟು ಸಲ ಕ್ಯಾಲಿಬ್ರೇಟ್ ಮಾಡಿಸಿದರೂ ಈ ದೋಷ ಹೋಗದು.

ಮೊದಲು ಲೆಕ್ಕ ಹಾಕಿ. ತುದಿ ಮತ್ತು ಗೋಡೆಯ ಉಷ್ಣಾಂಶಗಳಿಗೆ 273 ಸೇರಿಸಿ, ನಾಲ್ಕನೇ ಘಾತಗಳ ವ್ಯತ್ಯಾಸ ತೆಗೆಯಿರಿ. ಅದನ್ನು 5.67×10⁻⁸ (ವಿಕಿರಣದ ಸ್ಥಿರಾಂಕ) ಮತ್ತು ಎಮಿಸಿವಿಟಿಯಿಂದ (ಮೇಲ್ಮೈ ಎಷ್ಟು ಚೆನ್ನಾಗಿ ವಿಕಿರಿಸುತ್ತದೆ ಎಂಬ 0ರಿಂದ 1ರ ಅಂಕಿ) ಗುಣಿಸಿ, ಶಾಖ ವರ್ಗಾವಣೆ ಗುಣಾಂಕದಿಂದ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಅನಿಲ ಚದರ ಮೀಟರಿಗೆ ಎಷ್ಟು ವ್ಯಾಟ್ ಶಾಖ ಕೊಡುತ್ತದೆ ಎಂಬುದು) ಭಾಗಿಸಿ. ಬರುವ ಉತ್ತರವೇ ರೀಡಿಂಗಿನ ಕೊರತೆ. 3 ಎಂಎಂ ಶೀತ್ (ಥರ್ಮೋಕಪಲ್ ತಂತಿಯ ಲೋಹದ ಹೊರಕವಚ), ರೀಡಿಂಗ್ 800, ಗೋಡೆ 600, ಕಪ್ಪಾದ ಶೀತ್‌ನ ಎಮಿಸಿವಿಟಿ 0.8, ಅನಿಲದ ವೇಗ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ ಗುಣಾಂಕ ಸುಮಾರು 180. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ತೆಳು, 170 ಹಿಡಿಯಿರಿ. ಕೊರತೆ ಸುಮಾರು 200 ಡಿಗ್ರಿ, ಅಂದರೆ ಅನಿಲ ಸಾವಿರದ ಆಸುಪಾಸಿನಲ್ಲಿದೆ! ಕೆಂಪಗೆ ಕಾದ ಹೀಟರ್ ಕಾಯಿಲ್ ಎದುರಿಗಿದ್ದರೆ ಕಥೆ ಉಲ್ಟಾ: ರೀಡಿಂಗ್ ಹೆಚ್ಚು ಬರುತ್ತದೆ.

ಗೋಡೆಯ ಉಷ್ಣಾಂಶ ಗೊತ್ತಿಲ್ಲವೇ? 1.5 ಮತ್ತು 6 ಎಂಎಂ ಶೀತ್‌ಗಳನ್ನು ಅಕ್ಕಪಕ್ಕ, ಒಂದೇ ಆಳಕ್ಕೆ ಇಳಿಸಿ. ಆಳ 150 ಎಂಎಂಗಿಂತ ಕಡಿಮೆಯಾದರೆ ಶೀತ್ ಮೂಲಕವೇ ಶಾಖ ಹೊರಗೆ ಹರಿದು ಹೋಲಿಕೆ ಕೆಡುತ್ತದೆ. ದೋಷ ಹೆಚ್ಚುಕಡಿಮೆ ವ್ಯಾಸದ ವರ್ಗಮೂಲದಂತೆ ಏರುತ್ತದೆ. ವ್ಯಾಸ ನಾಲ್ಕು ಪಟ್ಟಾದ್ದರಿಂದ ದಪ್ಪದ್ದರ ದೋಷ ಎರಡು ಪಟ್ಟು, ಅಂದರೆ ಎರಡರ ರೀಡಿಂಗ್ ವ್ಯತ್ಯಾಸವೇ ತೆಳುವಿನದರ ದೋಷ. ತೆಳುವಿನದು 800, ದಪ್ಪದ್ದು 740 ಎಂದರೆ ಆ 60ನ್ನು 800ಕ್ಕೆ ಕೂಡಿಸಿ: 860. ತೆಳು ತುದಿಯೇ ಹೆಚ್ಚು ಬಿಸಿ, ಹೆಚ್ಚು ವಿಕಿರಿಸುತ್ತದೆ. ಹಾಗಾಗಿ ನಿಜವಾದ ಅಂಕಿ ಇನ್ನೂ ತುಸು ಮೇಲೆಯೇ.

ನಿಖರತೆ ಬೇಕಾದರೆ ಸಕ್ಷನ್ ವಿಧಾನವೇ ಸರಿ: ತುದಿಯನ್ನು ಕೊಳವೆಯಿಂದ ಗೋಡೆಗೆ ಮರೆಮಾಡಿ, ಅದರ ಮೇಲೆ ಅನಿಲವನ್ನು ಜೋರಾಗಿ ಎಳೆಯುವುದು. 10 ಎಂಎಂ ಒಳವ್ಯಾಸದ ಅಲ್ಯುಮಿನಾ ಕೊಳವೆಯೊಳಗೆ 1.5 ಎಂಎಂ ಶೀತ್ ಇಟ್ಟು, ತುದಿಯನ್ನು ಬಾಯಿಯಿಂದ 25 ಎಂಎಂ ಒಳಗೆ ನಿಲ್ಲಿಸಿ. ಕಂಪ್ರೆಸರ್ ಗಾಳಿಯ ಎಜೆಕ್ಟರ್‌ನಿಂದ (ಗಾಳಿಯ ಜೋರು ಧಾರೆಯಿಂದ ಹೀರುವ ಸಾಧನ) ಅನಿಲವನ್ನು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಎಳೆಯಿರಿ. ತಣ್ಣಗಾದ ಮೇಲೆ ಅದು ನಿಮಿಷಕ್ಕೆ ಸುಮಾರು 110 ಲೀಟರ್. ವಾಲ್ವ್ ನಿಧಾನವಾಗಿ ತೆರೆಯುತ್ತಾ ಹೋಗಿ, ರೀಡಿಂಗ್ ಏರುವುದು ನಿಂತಾಗ ಬರೆದುಕೊಳ್ಳಿ. ಏರಿ ಮತ್ತೆ ಇಳಿದರೆ ಪೋರ್ಟ್ ಸುತ್ತಿನಿಂದ ತಣ್ಣನೆ ಗಾಳಿ ನುಗ್ಗುತ್ತಿದೆ. ಸೆರಾಮಿಕ್ ಉಲ್ಲನ್ ತುರುಕಿ ಮುಚ್ಚಿ. ನಿಮಿಷಗಟ್ಟಲೆ ಕಾದಂತೆ ಕುಸಿದರೆ ಬೂದಿ ಕಟ್ಟಿಕೊಂಡಿದೆ, ತೆಗೆದು ಊದಬೇಕು. ಬೆತ್ತಲೆ ಪ್ಲಾಟಿನಂ ತಂತಿಯಂತೂ ಇಂಧನ ಪೂರ್ತಿ ಉರಿಯದ ಹೊಗೆಯಲ್ಲಿ ಬೇಡ. ಉಳಿದ ಕಾರ್ಬನ್ ಮಾನಾಕ್ಸೈಡ್ ಅದರ ಮೇಲೆಯೇ ಉರಿದು ರೀಡಿಂಗನ್ನು ಮೇಲೇರಿಸುತ್ತದೆ.