ಪ್ಲೇಸ್ಟೇಷನ್ ಎಮ್ಯುಲೇಟರ್‌ಗೆ ಬಯಾಸ್ ಹಾಕುವುದು ಹೇಗೆ?

ಗೇಮ್ ಇದೆ, ಮೊದಲ ಪ್ಲೇಸ್ಟೇಷನ್ನಿನ ಗೇಮನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್ ಇದೆ, ಆದರೂ ಸ್ಕ್ರೀನ್ ಕಪ್ಪು. ಆಗ ನಾನು ಮೊದಲು ನೋಡುವುದು ಬಯಾಸ್ ಫೈಲನ್ನೇ. ಕನ್ಸೋಲ್ ಆನ್ ಆದ ತಕ್ಷಣ ಓಡುವ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಮೂಲ ತಂತ್ರಾಂಶ ಅದು. ಡಿಸ್ಕ್ ಓದಲು, ಮೆಮೊರಿ ಕಾರ್ಡ್‌ನಲ್ಲಿ ಬರೆಯಲು ಗೇಮ್‌ಗಳು ಅದನ್ನೇ ನೆಚ್ಚಿಕೊಂಡಿರುತ್ತವೆ.

ಹಲವು ಎಮ್ಯುಲೇಟರ್‌ಗಳನ್ನು 'ಕೋರ್' ಎಂಬ ಹೆಸರಲ್ಲಿ ಒಂದೇ ಕಡೆ ಓಡಿಸುವ ರೆಟ್ರೋಆರ್ಚ್ ತಂತ್ರಾಂಶದಲ್ಲಿ ಬೀಟಲ್ ಕೋರ್ ಬಳಸುವುದಾದರೆ, ನಿಮ್ಮದೇ ಕನ್ಸೋಲ್‌ನಿಂದ ತೆಗೆದ ಬಯಾಸನ್ನು 'ಸಿಸ್ಟಮ್' ಫೋಲ್ಡರ್‌ಗೆ ಹಾಕಿ. ಗೇಮ್ ಫೋಲ್ಡರ್‌ಗಲ್ಲ. ಅಮೆರಿಕದ ಗೇಮ್‌ಗೆ scph5501.bin, ಜಪಾನಿನದಕ್ಕೆ scph5500.bin, ಯುರೋಪಿನದಕ್ಕೆ scph5502.bin. ಫೈಲ್ ಹೆಸರು ಪೂರ್ತಿ ಸಣ್ಣಕ್ಷರದಲ್ಲೇ ಇರಲಿ; ಲಿನಕ್ಸ್‌ನಲ್ಲಿ ಒಂದು ದೊಡ್ಡಕ್ಷರ ನುಸುಳಿದರೂ ಅದು ಸಿಗುವುದಿಲ್ಲ. ಗಾತ್ರ 5,24,288 ಬೈಟ್ ಇರಬೇಕು. ಅಷ್ಟೇ ಸಾಲದು, ಫೈಲಿನ ಒಳಗಿರುವುದು ಸರಿಯೇ ಎಂದು ತಿಳಿಸುವ ಗುರುತು ಸಂಕೇತವಾದ ಎಂಡಿ5 ಅನ್ನೂ ಸರಿಯಾದ ಬಯಾಸ್‌ನದರ ಜೊತೆ ಹೋಲಿಸಿ ನೋಡಿ.

ರೆಟ್ರೋಆರ್ಚ್‌ನದೇ ಇನ್ನೊಂದು ಕೋರ್ ಆದ ಪಿಸಿಎಸ್‌ಎಕ್ಸ್ ರೀಆರ್ಮ್‌ಡ್ ಬಯಾಸ್ ಇಲ್ಲದೆಯೂ ಓಡುತ್ತದೆ. ಆದರೆ ಅದರೊಳಗಿನ ಬದಲಿ ಬಯಾಸ್ ಎಲ್ಲ ಗೇಮ್‌ಗೂ ಒಗ್ಗುವುದಿಲ್ಲ. ಹಾಗಾಗಿ ಅಲ್ಲೂ ಅಸಲಿಯನ್ನೇ ಹಾಕಿ.