ಮೊದಲು ವೀಲ್‌ಚೇರ್, ಆಮೇಲೆ ಟೇಬಲ್

ನ್ಯೂಯಾರ್ಕಿನ ಹೋಟೆಲುಗಳಲ್ಲಿ ಬ್ಯಾಂಕ್ವೆಟ್ ಕೆಲಸ ಮಾಡುತ್ತಾ ನನಗೆ 18 ವರ್ಷ ಆಯಿತು. ಮೊದಲು ಸರ್ವರ್, ಈಗ ಕ್ಯಾಪ್ಟನ್, ಅಂದರೆ ಬಡಿಸುವವರ ಮೇಲ್ವಿಚಾರಕ. ಊರು ಕುಂದಾಪುರದ ಹತ್ತಿರ. ಅಪ್ಪನದು ಸಣ್ಣ ಹೋಟೆಲು, ಹಾಗಾಗಿ ಬಡಿಸುವುದು ನನಗೆ ಯಾರೂ ಕಲಿಸಿದ ವಿದ್ಯೆ ಅಲ್ಲ. ಮದುವೆ, ಕಂಪನಿ ಪಾರ್ಟಿ, ಚಾರಿಟಿ ಡಿನ್ನರ್ ಎಲ್ಲ ಮಾಡಿದ್ದೇನೆ. ನಾನು ಪೂರ್ತಿ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಒಂದೇ ಬಗೆಯ ಡಿನ್ನರಿನಲ್ಲಿ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದವರಿಗಾಗಿ ನಡೆಯುವ ಸಂಶೋಧನೆಗೆ ದುಡ್ಡು ಕೂಡಿಸುವಂಥದ್ದು.

ಕಲಿತದ್ದು ಎಡವಿ ಬಿದ್ದೇ. ಮೊದಲ ಸಲ ಇಂಥದ್ದು ಸಿಕ್ಕಿದಾಗ ಅದು ಚಿಕ್ಕ ಕಾರ್ಯಕ್ರಮ, ಇಪ್ಪತ್ತು ಟೇಬಲ್. ಐದಡಿಯ ದುಂಡು ಟೇಬಲಿಗೆ 120 ಇಂಚಿನ ಬಟ್ಟೆ ಹಾಸಿದರೆ ಸುತ್ತಲೂ ಸರಿಯಾಗಿ ನೆಲ ಮುಟ್ಟುತ್ತದೆ. ನೋಡಲು ತುಂಬಾ ಚೆಂದ. ಹಾಗೇ ಹಾಸಿಸಿದ್ದೆ. ಸಲಾಡ್ ಮುಗಿದ ಹೊತ್ತಿಗೆ ಒಬ್ಬ ಅತಿಥಿ ತಮ್ಮ ಬ್ಯಾಟರಿ ವೀಲ್‌ಚೇರನ್ನು ಸ್ವಲ್ಪ ಹಿಂದಕ್ಕೆ ತೆಗೆದರು. ಮುಂದಿನ ಸಣ್ಣ ಚಕ್ರಕ್ಕೆ ಬಟ್ಟೆಯ ಅಂಚು ಸಿಕ್ಕಿಕೊಂಡಿತ್ತು. ಆ ಕುರ್ಚಿಯ ಭಾರ ಗೊತ್ತಲ್ವಾ, ಮನುಷ್ಯನೂ ಸೇರಿ 200 ಕಿಲೋ ದಾಟುತ್ತದೆ. ಬಟ್ಟೆ ಸರ್ರನೆ ಎಳೆದುಕೊಂಡು ಹೋಯಿತು. ನೀರಿನ ಗ್ಲಾಸು, ವೈನು, ಬೆಣ್ಣೆ, ನಡುವಿನ ಹೂವಿನ ಕುಂಡ, ಎಲ್ಲಾ ಅವರ ಮಡಿಲಿಗೆ.

ಅವರು ನಕ್ಕರು. "ನಾನು ಇಷ್ಟು ಜೋರಾಗಿ ಏನನ್ನಾದರೂ ಎಳೆದು ಹನ್ನೊಂದು ವರ್ಷ ಆಗಿತ್ತು" ಅಂದರು. ಆದರೆ ಅವರನ್ನು ನೋಡಿಕೊಳ್ಳುವ ಜಮೈಕಾದ ಹೆಂಗಸು ನಗಲಿಲ್ಲ. ಬಗ್ಗಿ ತೊಡೆಯ ಮೇಲಿನ ಬಟ್ಟೆ ಮುಟ್ಟಿ ಮುಟ್ಟಿ ನೋಡಿದರು. ಬಿಸಿ ಏನಾದರೂ ಇತ್ತಾ ಅಂತ ನನ್ನನ್ನು ಎರಡು ಸಲ ಕೇಳಿದರು. ಕಾಫಿ ಇನ್ನೂ ಬಂದಿರಲಿಲ್ಲ, ಪುಣ್ಯ. "ಕುದಿಯೋದು ಬಿದ್ದರೂ ಇವರಿಗೆ ಗೊತ್ತಾಗಲ್ಲ. ರಾತ್ರಿ ಬಟ್ಟೆ ಬದಲಿಸುವಾಗ ಸುಟ್ಟ ಗುಳ್ಳೆ ನೋಡಿ ನನಗೆ ಗೊತ್ತಾಗಬೇಕು" ಅಂದರು. ಕಾಲಿಗೆ ಸ್ವಾಧೀನ ಇಲ್ಲ ಅಂದರೆ ನಡೆಯಲು ಬರುವುದಿಲ್ಲ ಅಂತ ಮಾತ್ರ ನಾನು ಅಲ್ಲಿವರೆಗೆ ತಿಳಿದಿದ್ದೆ. ಸುಟ್ಟರೂ ತಿಳಿಯುವುದಿಲ್ಲ ಅನ್ನುವುದು ತಲೆಗೇ ಬಂದಿರಲಿಲ್ಲ.

ಎರಡು ವರ್ಷದ ಮೇಲೆ 'ಗ್ರೇಟ್ ಸ್ಪೋರ್ಟ್ಸ್ ಲೆಜೆಂಡ್ಸ್ ಡಿನ್ನರ್' ಕೆಲಸಕ್ಕೆ ಕರೆ ಬಂತು. ನ್ಯೂಯಾರ್ಕಿನ ಬ್ಯಾಂಕ್ವೆಟ್ ಮಂದಿಗೆಲ್ಲ ಗೊತ್ತಿರುವ ಊಟ ಅದು. ಶುರುವಾದದ್ದು 1986ರಲ್ಲಿ. ತುಂಬಾ ವರ್ಷ ವಾಲ್ಡಾರ್ಫ್ ಅಸ್ಟೋರಿಯಾದಲ್ಲಿ ನಡೆಯಿತು. 2017ರಲ್ಲಿ ಆ ಹೋಟೆಲು ರಿಪೇರಿಗೆ ಮುಚ್ಚಿದ ಮೇಲೆ ಬೇರೆ ಕಡೆ ಹೋಯಿತು. ನಾನು ಯಾವ ವರ್ಷ, ಎಲ್ಲಿ ಮಾಡಿದೆ ಅನ್ನುವುದು ಬೇಡ ಬಿಡಿ.

ಅದರ ಹಿಂದಿನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ನಿಕ್ ಬ್ಯುನಿಕಾಂಟಿ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಹೆಸರು. 1972ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡ 17ಕ್ಕೆ 17 ಪಂದ್ಯ ಗೆದ್ದಾಗ ಅದರ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರ. ಮಗ ಮಾರ್ಕ್ ಕೂಡ ಅದೇ ಆಟ, ಅದೇ ಜಾಗ. 1985ರ ಅಕ್ಟೋಬರ್ 26ರಂದು ಕಾಲೇಜು ಪಂದ್ಯದಲ್ಲಿ ಎದುರಾಳಿಯನ್ನು ಅಡ್ಡಗಟ್ಟಲು ಹೋಗಿ ಕುತ್ತಿಗೆಗೆ ಪೆಟ್ಟಾಯಿತು. ಆಗ ಹುಡುಗನಿಗೆ 19 ವರ್ಷ. ಭುಜದಿಂದ ಕೆಳಗೆ ಸ್ವಾಧೀನ ಹೋಯಿತು. ಅದೇ ವರ್ಷ ಬಾರ್ತ್ ಗ್ರೀನ್ ಎಂಬ ನರರೋಗ ಸರ್ಜನ್ ಜೊತೆ ಸೇರಿ ಈ ಕುಟುಂಬ 'ಮಯಾಮಿ ಪ್ರಾಜೆಕ್ಟ್' ಕಟ್ಟಿತು. ಅದು ಮಯಾಮಿ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿದೆ. ಅದಕ್ಕೆ ದುಡ್ಡು ಕೂಡಿಸಲು ಹುಟ್ಟಿದ ಊಟ ಇದು. ಪ್ರತಿ ವರ್ಷ ಬೇರೆ ಬೇರೆ ಆಟದ ಹೆಸರಾಂತರನ್ನು ಕರೆದು ಸನ್ಮಾನ ಮಾಡುತ್ತಾರೆ.

ಕೆಲಸ ಒಪ್ಪಿಕೊಂಡ ದಿನ ನಾನು ಮಾಡಿದ ಮೊದಲ ಕೆಲಸ, ಹೋಟೆಲಿನ ಸ್ಟೋರಿನಿಂದ ಒಂದು ಕೈತಳ್ಳು ವೀಲ್‌ಚೇರ್ ತರಿಸಿ ಅದರಲ್ಲಿ ಕೂತದ್ದು. ಕಾರು ನಿಲ್ಲುವ ಬಾಗಿಲಿಂದ ಲಿಫ್ಟು, ಲಿಫ್ಟಿಂದ ಊಟದ ಹಾಲ್, ಹಾಲ್‌ನಿಂದ ಟಾಯ್ಲೆಟ್, ವಾಪಸ್ ಬಂದು ವೇದಿಕೆ. ಎಲ್ಲಾ ನಾನೇ ತಳ್ಳಿಕೊಂಡು ಹೋದೆ. ದಪ್ಪ ಕಾರ್ಪೆಟ್ಟಿನ ಮೇಲೆ ಚಕ್ರ ತಿರುಗಿಸುವುದು ಮರಳಿನಲ್ಲಿ ಸೈಕಲ್ ಹೊಡೆದ ಹಾಗೆ. ಸೌಂಡಿನವರು ವೈರಿನ ಮೇಲೆ ಹಾಕುವ ರಬ್ಬರ್ ಮುಚ್ಚಳ ನಡೆಯುವವರಿಗೆ ಕಾಣಿಸುವುದೂ ಇಲ್ಲ. ಕುರ್ಚಿಗೆ ಅದು ರಸ್ತೆಯ ಹಂಪ್. ಎರಡು ಕಡೆ ವೈರನ್ನು ಗೋಡೆ ಸುತ್ತಿಸಿ ಎಳೆಸಿದೆ. ಅವರು ಗೊಣಗಿದರು, ಗೊಣಗಲಿ.

ಸಾಮಾನ್ಯವಾಗಿ ನಾವು ಹಾಲಿನ ನಕ್ಷೆಯಲ್ಲಿ ಮೊದಲು ಟೇಬಲ್ ತುಂಬುತ್ತೇವೆ. ಆಮೇಲೆ ಉಳಿದ ಸಂದಿಯಲ್ಲಿ ದಾರಿ. ಈ ಸಲ ತಿರುಗಿಸಿದೆ. ಮೊದಲು ನೆಲದ ಮೇಲೆ ಟೇಪ್ ಹಚ್ಚಿ ವೀಲ್‌ಚೇರಿನ ದಾರಿ ಬರೆದೆ. ಆ ದಾರಿಗೆ ತಾಗದ ಹಾಗೆ ಟೇಬಲ್. ಕಾನೂನಿನ ಪ್ರಕಾರ 36 ಇಂಚು ಅಗಲ ಇದ್ದರೆ ಸಾಕು. ಕಾಗದದ ಮೇಲೆ ಸಾಕು ಅಷ್ಟೆ. ಹೊಟ್ಟೆ ತುಂಬಿದವನು ಕುರ್ಚಿ ಹಿಂದಕ್ಕೆ ತಳ್ಳಿ ಕಾಲು ಚಾಚಿದರೆ ಆ 36 ಇಂಚಿನಲ್ಲಿ ಎಷ್ಟು ಉಳಿಯಿತು? ಮುಖ್ಯ ದಾರಿ ಆರಡಿ ಇಟ್ಟೆ. ವೀಲ್‌ಚೇರ್ ಪೂರ್ತಿ ತಿರುಗಲು ಐದಡಿ ಬೇಕು, ಅದನ್ನು ಪ್ರತಿ ತಿರುವಿನಲ್ಲೂ ಬಿಟ್ಟೆ. ನಾಲ್ಕು ಟೇಬಲ್ ಕಡಿಮೆಯಾಯಿತು. ಇಂಥ ಊಟದಲ್ಲಿ ಒಂದೊಂದು ಟೇಬಲಿಗೂ ಹಿಡಿ ಹಿಡಿ ದುಡ್ಡು, ಹಾಗಾಗಿ ಸೇಲ್ಸ್ ಮ್ಯಾನೇಜರ್ ಮುಖ ಸಣ್ಣದಾಯಿತು. ಕೊನೆಗೆ ಬಾರ್ ಕೌಂಟರನ್ನು ಹೊರಗಿನ ಪಡಸಾಲೆಗೆ ಹಾಕಿ ಮೂರು ಟೇಬಲ್ ವಾಪಸ್ ಗಿಟ್ಟಿಸಿದೆವು.

ಟೇಬಲ್ ಬಟ್ಟೆ ಈ ಸಲ ಮೊಣಕಾಲಿನವರೆಗೆ ಮಾತ್ರ. ವೀಲ್‌ಚೇರ್ ಬರುವ ಕಡೆ ಒಂದು ಕುರ್ಚಿ ತೆಗೆದರೆ ಸಾಲದು, ಒಂದೂವರೆ ಕುರ್ಚಿಯ ಜಾಗ ಬೇಕು. ಬ್ಯಾಟರಿ ಕುರ್ಚಿಯ ಕೈಹಿಡಿ ಎತ್ತರವಾಗಿರುವುದರಿಂದ ಟೇಬಲಿನ ಕೆಳಗೆ ಹೋಗುವುದಿಲ್ಲ. ಆಗ ಮನುಷ್ಯ ತಟ್ಟೆಯಿಂದ ಒಂದಡಿ ದೂರ ಕೂರಬೇಕು. ಅದಕ್ಕೆ ಆ ಟೇಬಲ್‌ಗಳ ಕಾಲಿಗೆ ಮರದ ತುಂಡು ಕೊಟ್ಟು ಮೂರಿಂಚು ಎತ್ತರಿಸಿದೆವು.

ಜಗಳ ಆದದ್ದು ರಾಂಪಿನ ವಿಷಯಕ್ಕೆ, ಅಂದರೆ ವೇದಿಕೆಗೆ ಹತ್ತುವ ಇಳಿಜಾರು. ಲೆಕ್ಕ ಸರಳ, ಒಂದಿಂಚು ಎತ್ತರಕ್ಕೆ ಒಂದಡಿ ಉದ್ದ. ನಮ್ಮ ವೇದಿಕೆ ಎರಡಡಿ, ಹಾಗಾಗಿ 24 ಅಡಿ ರಾಂಪು. ಅಲಂಕಾರದವರು ಅದನ್ನು ಪರದೆ ಹಿಂದೆ ಹಾಕೋಣ, ಅಡುಗೆಮನೆ ಕಡೆಯಿಂದ ಹತ್ತಿಸೋಣ ಅಂದರು. ಮುಂದೆ ಇಟ್ಟರೆ ಫೋಟೋ ಕೆಡುತ್ತದಂತೆ. ನನಗೆ ಸಿಟ್ಟು ಬಂತು. ಯಾರ ಹೆಸರಿನಲ್ಲಿ ಊಟ ಹಾಕುತ್ತಿದ್ದೀರೋ ಅವರನ್ನೇ ಹಿತ್ತಿಲ ಬಾಗಿಲಿಂದ ಕರೆಯುವುದಾ? ಅಷ್ಟು ಜೋರಾಗಿ ಹೇಳಲಿಲ್ಲ, ಕ್ಯಾಪ್ಟನ್ ಮಾತು ಎಷ್ಟು ನಡೆಯುತ್ತದೆ ಅಂತ ನನಗೂ ಗೊತ್ತು. ಸಂಸ್ಥೆಯ ಕಡೆಯವರೇ ಬಂದು ರಾಂಪು ಮುಂದೆಯೇ ಇರಲಿ ಅಂದರು. ಮಾತು ಮುಗಿಯಿತು.

ರಾತ್ರಿ ಒಂದು ತಮಾಷೆ ಆಯಿತು. ಸನ್ಮಾನಕ್ಕೆ ಬಂದ ಆಟಗಾರರಲ್ಲಿ ಸುಮಾರು ಜನ ವಯಸ್ಸಾದವರು. ಮೈ ನೋಡಿದರೆ ಆನೆ. ಮಂಡಿ ಮಾತ್ರ ಆಟದಲ್ಲೇ ಸವೆದುಹೋಗಿದೆ. ಒಬ್ಬರು ಮೆಟ್ಟಿಲ ಹತ್ತಿರ ಬಂದು ಒಂದು ಕ್ಷಣ ನಿಂತರು. ಆಚೆ ಈಚೆ ನೋಡಿದರು. ಸುಮ್ನೆ ರಾಂಪಿನ ಕಡೆ ತಿರುಗಿದರು. ಅವರ ಹಿಂದೆ ಇನ್ನೊಬ್ಬರು. ಕೊನೆಗೆ ಮೆಟ್ಟಿಲು ಹತ್ತಿದವರು ಇಬ್ಬರೋ ಮೂವರೋ.

ಬಡಿಸುವ ಹುಡುಗರಿಗೆ ಮಧ್ಯಾಹ್ನವೇ ಒಂದು ಗಂಟೆ ಪಾಠ ಮಾಡಿದ್ದೆ. ಬಿಸಿ ಪಾತ್ರೆ ಯಾರ ಮಡಿಲಿನ ಮೇಲಿಂದಲೂ ದಾಟಿಸಬಾರದು. ಕಾಫಿ ಅರ್ಧ ಕಪ್, ಹಿಡಿ ಇರುವ ಮಗ್ಗಿನಲ್ಲಿ. ಸ್ಟ್ರಾ ಕೇಳುವ ಮೊದಲೇ ಇರಬೇಕು. ಮಾಂಸ ಕತ್ತರಿಸಬೇಕಿದ್ದರೆ ಅಡುಗೆಮನೆಯಲ್ಲೇ ಕತ್ತರಿಸಿ ಎಲ್ಲರ ತಟ್ಟೆಯ ಹಾಗೆ ಜೋಡಿಸಿ ತರಬೇಕು. ಟೇಬಲಿನಲ್ಲಿ ಮಗುವಿಗೆ ಮಾಡಿದ ಹಾಗೆ ಮಾಡಬಾರದು. ಮಾತಾಡುವಾಗ ಅತಿಥಿಯ ಜೊತೆ ಮಾತಾಡಿ, ಸಹಾಯಕರ ಜೊತೆ ಅಲ್ಲ. ಈ ಕೊನೆಯದನ್ನು ಹುಡುಗರು ಜಾಸ್ತಿ ಮರೆಯುತ್ತಾರೆ. "ಇವರಿಗೆ ಮೀನಾ, ಕೋಳಿಯಾ?" ಅಂತ ಪಕ್ಕದವರನ್ನು ಕೇಳಿಬಿಡುತ್ತಾರೆ.

ಏಸಿ ವಿಷಯ ನನಗೆ ಆ ಜಮೈಕಾದ ಹೆಂಗಸು ಹೇಳಿಕೊಟ್ಟದ್ದು. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾದವರ ಮೈ ತನ್ನ ಬಿಸಿಯನ್ನು ತಾನೇ ನೋಡಿಕೊಳ್ಳಲಾರದು. ಪೆಟ್ಟಾದ ಜಾಗದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ನಡುಕವೂ ಇಲ್ಲ. ಕೋಟು ಹಾಕಿದ ಸಾಹೇಬರಿಗಾಗಿ ನಾವು ಊಟದ ಹಾಲ್ ಅನ್ನು ಫ್ರಿಜ್ಜಿನ ಹಾಗೆ ತಣ್ಣಗೆ ಇಡುತ್ತೇವೆ. ಆ ಗಾಳಿ ನೇರ ಬೀಳುವ ಟೇಬಲ್‌ಗಳಲ್ಲಿ ವೀಲ್‌ಚೇರಿನವರನ್ನು ಕೂರಿಸಲಿಲ್ಲ. ಕಂಬಳಿ ಹತ್ತು ತರಿಸಿ ಇಟ್ಟಿದ್ದೆ, ಏಳು ಹೋದವು.

ಇನ್ನು ದುಡ್ಡು. ನಮ್ಮೂರ ಗಣಪತಿ ಹಬ್ಬದ ಏಲಂ ನೋಡಿ ಬೆಳೆದವನು ನಾನು. ತೆಂಗಿನಕಾಯಿ ಹತ್ತು ರೂಪಾಯಿಗೆ ಶುರುವಾಗಿ ಜಿದ್ದಿಗೆ ಬಿದ್ದು ಸಾವಿರ ದಾಟುತ್ತದೆ. ಇಲ್ಲಿನ ಸಾಮಾನಿನ ಹರಾಜೂ ಹಾಗೇ. ಆದರೆ ಸುಮ್ಮನೆ ಕೊಡಿ ಅಂತ ಕೇಳುವ ಹೊತ್ತಿದೆಯಲ್ಲ, ಆಗ ಲೆಕ್ಕ ಉಲ್ಟಾ. ದೊಡ್ಡ ಮೊತ್ತದಿಂದ ಶುರು ಮಾಡಿ ಇಳಿಯುತ್ತಾ ಬರುತ್ತಾರೆ. ದೊಡ್ಡವರು ಮೊದಲು ನಂಬರಿನ ಹಲಗೆ ಎತ್ತಲಿ, ಉಳಿದವರು ತಮ್ಮ ಕೈಗೆಟಕುವ ಮಟ್ಟ ಬಂದಾಗ ಎತ್ತಲಿ ಅಂತ. ಆ ಹದಿನೈದು ನಿಮಿಷ ನಮಗೆ ಉಸಿರು ಬಿಡುವ ಹಾಗಿಲ್ಲ. ತಟ್ಟೆ ತೆಗೆಯಬಾರದು, ನೀರು ಹಾಕಬಾರದು, ಬಾಗಿಲು ತೆರೆಯಬಾರದು. ಸಿಹಿ ಅದಕ್ಕೂ ಮೊದಲೇ ಟೇಬಲ್ ಮೇಲಿರಬೇಕು. ಚಮಚದ ಒಂದು ಸದ್ದಿಗೆ ಎತ್ತಬೇಕಾದ ಕೈ ಕೆಳಗೇ ಉಳಿಯಬಹುದು.

ಊಟಕ್ಕೆ ಇಷ್ಟು ಖರ್ಚು ಮಾಡುವ ಬದಲು ಅದನ್ನೇ ಕೊಡಬಾರದಾ ಅಂತ ನಾನೂ ಕೇಳಿಕೊಂಡಿದ್ದೇನೆ. ಹೂವಿನ ಬಿಲ್ಲು ನೋಡಿದಾಗಂತೂ ಹೊಟ್ಟೆ ಉರಿಯುತ್ತದೆ. ಆದರೆ ಟೇಬಲ್ ಕೊಳ್ಳುವ ಕಂಪನಿಗಳು ಬರುವುದು ಆ ಆಟಗಾರರ ಪಕ್ಕ ಕೂರಲು. ಸನ್ಮಾನ ಇಲ್ಲದಿದ್ದರೆ ಟೇಬಲ್ ಹೋಗುವುದಿಲ್ಲ. ಒಂದು ರಾತ್ರಿಗೆ ಮಿಲಿಯನ್‌ಗಟ್ಟಲೆ ಡಾಲರ್ ಕೂಡುತ್ತದೆ. ಸಂಶೋಧನೆಯೋ, ಬಸವನಹುಳು. ರೋಗಿಯ ಕಾಲಿನ ನರದಿಂದಲೇ ಶ್ವಾನ್ ಎಂಬ ಹೆಸರಿನ, ನರದ ಎಳೆಯನ್ನು ಸುತ್ತಿ ಕಾಯುವ ಜೀವಕೋಶ ತೆಗೆದು, ಬೆಳೆಸಿ, ಬೆನ್ನುಹುರಿಯ ಗಾಯಕ್ಕೆ ಹಾಕುವ ಪ್ರಯೋಗಕ್ಕೆ ಮಯಾಮಿಯವರಿಗೆ ಸರ್ಕಾರದ ಅನುಮತಿ ಸಿಕ್ಕಿದ್ದು 2012ರಲ್ಲಿ. ಸಂಸ್ಥೆ ಶುರುವಾಗಿ 27 ವರ್ಷದ ಮೇಲೆ! ಮೊದಲ ಪ್ರಯೋಗ ಆರು ಜನರ ಮೇಲೆ, ಅದೂ ಅಪಾಯ ಇಲ್ಲ ಅಂತ ನೋಡಲು. ಅಷ್ಟು ವರ್ಷ ಲ್ಯಾಬಿನ ದೀಪ ಉರಿಯಬೇಕಲ್ಲ.

ನಿಕ್ 2019ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರಿಗೂ ಮರೆವು ಹತ್ತಿತ್ತು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟಿನ ಬಗ್ಗೆ ಓದಲಿ ಅಂತ ಮೆದುಳು ದಾನ ಮಾಡುವುದಾಗಿ ಹೇಳಿದ್ದರು. ಮಗನ ಕುತ್ತಿಗೆ, ಅಪ್ಪನ ಮೆದುಳು, ಆಟ ಒಂದೇ.

ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಭಾವನಿಗೆ ಹೇಳುತ್ತಿದ್ದೆ. ಭಾವ ಅಂದರೆ ನನ್ನ ಸೋದರಮಾವನ ಮಗ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದವನು ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ನಮ್ಮ ಕಡೆ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ, ಅವರಿಗೆ ಸನ್ಮಾನವೂ ಇಲ್ಲ, ಊಟವೂ ಇಲ್ಲ. ಜೀವಕೋಶದ ಕಥೆಯನ್ನು ಅವನು ಹೂಂ ಹೂಂ ಅಂತ ಕೇಳಿದ. ರಾಂಪಿನ ಲೆಕ್ಕ ಬಂದಾಗ "ತಡಿ, ಇನ್ನೊಂದು ಸಲ ಹೇಳು ಮಾರಾಯ" ಅಂದ.

"ಇಂಚಿಗೆ ಒಂದಡಿ."

"ನಮ್ಮ ಜಗಲಿ 18 ಇಂಚಿದೆ. ಅಂಗಳದಲ್ಲಿ ತುಳಸಿಕಟ್ಟೆಯವರೆಗೆ ಇರುವುದೇ 15 ಅಡಿ."

"ಹಾಗಾದರೆ ಒಂಬತ್ತಡಿ ಹೋಗಿ ಐದಡಿ ಮಟ್ಟಸ ಜಾಗ ಮಾಡು. ಅಲ್ಲಿ ತಿರುಗಿಸಿ ಇನ್ನೊಂಬತ್ತಡಿ."

"ಒಂದಡಿ ಉಳಿಯಿತಲ್ಲ!" ಅಂದ.

ಕೆಂಪುಕಲ್ಲು ಹಾಕಿ ಕಟ್ಟಿಸಿದ್ದಾನೆ. ಅತ್ತೆಗೆ ಮಂಡಿನೋವು. ಈಗ ಅವರೂ ಮೆಟ್ಟಿಲು ಬಿಟ್ಟು ಅದರಲ್ಲೇ ಇಳಿದು ತುಳಸಿಗೆ ನೀರು ಹಾಕುತ್ತಾರಂತೆ.