ಚಿಕ್ಕ ಪೀಪಾಯಿಯ ಅವಸರ: ಬರ್ಬನ್ ಮಾಗಿಸಿದ ನನ್ನ ಅನುಭವ

ಅಮೆರಿಕದ ಕೆಂಟಕಿಯ ಒಂದು ಸಣ್ಣ ಡಿಸ್ಟಿಲರಿಯಲ್ಲಿ ಪೀಪಾಯಿಗಳ ಹೊಣೆ ನನ್ನ ಕೈಗೆ ಬಂದಾಗ ನನಗೆ ಮದ್ಯಸಾರದ ರಸಾಯನ ಗೊತ್ತಿತ್ತೇ ಹೊರತು ಮರದ ವಿಷಯ ಏನೇನೂ ಗೊತ್ತಿರಲಿಲ್ಲ. ಮಂಡ್ಯದ ಕಡೆ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಕೆಲಸ ಕಲಿತವನು ನಾನು. ಅಲ್ಲಿ ಭಟ್ಟಿ ಇಳಿದರೆ ಕೆಲಸ ಮುಗಿಯಿತು. ಇಲ್ಲಿ ಭಟ್ಟಿಯಿಂದ ಇಳಿಯುವುದು ನೀರಿನಷ್ಟು ತಿಳಿಯಾದ, ಬೇಯಿಸಿದ ಮುಸುಕಿನ ಜೋಳದ ವಾಸನೆಯ ದ್ರವ. ಬರ್ಬನ್‌ಗೆ (ಮುಖ್ಯವಾಗಿ ಮುಸುಕಿನ ಜೋಳದಿಂದ ಮಾಡುವ ಅಮೆರಿಕದ ವಿಸ್ಕಿಗೆ) ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಹೊರಗಿನಿಂದ ಬೆರೆಸುವಂತಿಲ್ಲವಾದ್ದರಿಂದ ಅದರ ಬಣ್ಣವೆಲ್ಲವೂ, ಪರಿಮಳದ ಬಹುಪಾಲೂ ಪೀಪಾಯಿಯಿಂದಲೇ ಬರಬೇಕು. ಧಾನ್ಯದಲ್ಲಿ ಕನಿಷ್ಠ ಶೇಕಡಾ 51 ಮುಸುಕಿನ ಜೋಳ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ, ತುಂಬುವಾಗ ಶೇಕಡಾ 62.5ನ್ನು ಮೀರದ ಮದ್ಯಸಾರ: ಕಾನೂನು ಮುಖ್ಯವಾಗಿ ಹೇಳುವುದು ಇಷ್ಟು. ಇದರೊಳಗೆ ಎಷ್ಟೊಂದು ಆಯ್ಕೆಗಳು ಅಡಗಿವೆ ಎಂಬುದು ನನಗೆ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ಹೊಸ ಡಿಸ್ಟಿಲರಿಗೆ ಹಣ ಹಾಕಿದವರು ನಾಲ್ಕು ವರ್ಷ ಕಾಯಲು ಒಪ್ಪುವುದು ಕಷ್ಟ. ಹೀಗಾಗಿ ವಾಡಿಕೆಯ 53 ಗ್ಯಾಲನ್, ಎಂದರೆ ಸುಮಾರು 200 ಲೀಟರ್ ಪೀಪಾಯಿಗಳ ಬದಲು ನಾನು 10 ಗ್ಯಾಲನ್‌ನವುಗಳನ್ನು ತರಿಸಿದೆ. ಲೆಕ್ಕ ಸರಳವಾಗಿತ್ತು: ಚಿಕ್ಕ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಾಗುವ ಮರದ ಮೈ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು, ಆದ್ದರಿಂದ ಮಾಗುವುದೂ ಅಷ್ಟೇ ಬೇಗ ಎಂದುಕೊಂಡೆ. ಎಂಟು ತಿಂಗಳಿಗೆ ಬಣ್ಣವೇನೋ ಹಳೆಯ ಬರ್ಬನ್ನಿನದೇ ಬಂತು. ಬಾಯಿಗೆ ಹಾಕಿಕೊಂಡರೆ ಎಳೆ ಅಡಿಕೆ ಅಗಿದಷ್ಟು ಒಗರು, ಅದರ ಬೆನ್ನಿಗೇ ಹಸಿ ಸ್ಪಿರಿಟ್ಟಿನ ಘಾಟು. ಮರದಿಂದ ಬಣ್ಣವನ್ನೂ ಒಗರು ಕೊಡುವ ಟ್ಯಾನಿನ್ನನ್ನೂ ಹೀರಿಕೊಳ್ಳುವ ಕೆಲಸ ಮೈ ಹೆಚ್ಚಿದಷ್ಟೂ ಚುರುಕಾಗುತ್ತದೆ. ಆದರೆ ಹಲಗೆಯ ಮೂಲಕ ನುಸುಳುವ ಗಾಳಿ ಆ ಘಾಟನ್ನು ತಗ್ಗಿಸುವುದಕ್ಕೆ, ಆಮ್ಲಗಳು ಮದ್ಯಸಾರದೊಡನೆ ಕೂಡಿ ಹಣ್ಣಿನ ಕಂಪಿನ ಎಸ್ಟರುಗಳಾಗುವುದಕ್ಕೆ ವರ್ಷಗಳೇ ಬೇಕು. ಬಫಲೋ ಟ್ರೇಸ್ ಡಿಸ್ಟಿಲರಿಯವರು 2006ರಲ್ಲಿ 5, 10 ಮತ್ತು 15 ಗ್ಯಾಲನ್ ಪೀಪಾಯಿಗಳನ್ನು ತುಂಬಿಟ್ಟು, ಐದಾರು ವರ್ಷಗಳ ನಂತರ ಪ್ರಯೋಗ ಸೋತಿತೆಂದು ತಾವೇ ಹೇಳಿಕೊಂಡಿದ್ದರು. ಅದನ್ನು ನಾನು ಮೊದಲೇ ಓದಬೇಕಿತ್ತು.

ಎರಡನೆಯ ಸಲ ಪೀಪಾಯಿ ಕಟ್ಟುವ ಕಾರ್ಖಾನೆಗೆ ಖುದ್ದಾಗಿ ಹೋದೆ. ಬಿಳಿ ಓಕ್‌ನ ಹಲಗೆಗಳನ್ನು ಅಲ್ಲಿ ಬಯಲಿನಲ್ಲಿ ಒಟ್ಟಿ ಮಳೆಬಿಸಿಲಿಗೆ ಬಿಟ್ಟಿರುತ್ತಾರೆ. ಹಾಗೆ ಬಿಟ್ಟಷ್ಟೂ ಮರದ ಕಹಿ ಮತ್ತು ಒಗರು ತೊಳೆದುಹೋಗುತ್ತವೆ. ಆರು ತಿಂಗಳ ಹಲಗೆಯನ್ನೂ ಎರಡು ವರ್ಷದ ಹಲಗೆಯನ್ನೂ ಮೂಸಿ ನೋಡಿದ ಮೇಲೆ, ಬೆಲೆ ಹೆಚ್ಚಾದರೂ ಎರಡು ವರ್ಷದ್ದೇ ಇರಲಿ ಎಂದೆ. ಬಳಿಕ ಕಾವಿನ ಪ್ರಶ್ನೆ. ಮಂದ ಉರಿಯಲ್ಲಿ ನಿಧಾನವಾಗಿ ಹುರಿಯುವುದು ಒಂದು, ಜ್ವಾಲೆ ಎಬ್ಬಿಸಿ ಒಳಮೈಯನ್ನು ಇದ್ದಿಲಾಗಿಸುವುದು ಇನ್ನೊಂದು. ಹುರಿಯುವ ಒಲೆಯ ಬಳಿ ನಿಂತಾಗ ನನಗೆ ನೆನಪಾದದ್ದು ನಮ್ಮೂರ ಆಲೆಮನೆ. ಆ ವಾಸನೆಯಲ್ಲಿ ಸುಳ್ಳಿರಲಿಲ್ಲ, ಏಕೆಂದರೆ ಮರದ ನಾರಿನ ಭಾಗವಾದ ಹೆಮಿಸೆಲ್ಯುಲೋಸ್ ಕಾವಿಗೆ ಒಡೆದು ಸಕ್ಕರೆಯಾಗಿ, ಆ ಸಕ್ಕರೆಯೇ ಪಾಕವಾಗಿ ಕಂದುತ್ತಿರುತ್ತದೆ. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಒಡೆದು ವೆನಿಲಾದ ಪರಿಮಳದ ವೆನಿಲಿನ್ ಮತ್ತು ಲವಂಗದಂಥ ಸಾಂಬಾರ ಕಂಪು ಹುಟ್ಟುತ್ತದೆ. ಕೊಬ್ಬರಿಯ ಛಾಯೆ ಬರುವುದು ಓಕ್‌ನಲ್ಲೇ ಇರುವ ಲ್ಯಾಕ್ಟೋನಿನಿಂದ. ಇದ್ದಿಲಿನ ಪದರ ಹೊಸ ಸ್ಪಿರಿಟ್ಟಿನ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ, ಸಿಹಿಯೆಲ್ಲ ಕುಳಿತಿರುವುದು ಅದರ ಹಿಂದಿನ ಕೆಂಪು ಪದರದಲ್ಲಿ. ನನ್ನ ಚಿಕ್ಕ ಪೀಪಾಯಿಗಳು ಸುಡುವಿಕೆಯಲ್ಲಿ ನಾಲ್ಕನೇ ದರ್ಜೆಯವು, ಅಂದರೆ ಸುಮಾರು 55 ಸೆಕೆಂಡು ಉರಿದು ಮೊಸಳೆಯ ಚರ್ಮದಂತೆ ಬಿರುಕು ಬಿಟ್ಟವು. ಈ ಸಲ ಚೆನ್ನಾಗಿ ಹುರಿಸಿ, ಅದಕ್ಕಿಂತ ಕಡಿಮೆಯ ಮೂರನೇ ದರ್ಜೆಗೆ ಸುಡಿಸಿದೆ. ಹೆಚ್ಚು ಸುಟ್ಟರೆ ಹೆಚ್ಚು ರುಚಿ ಎಂಬ ನಂಬಿಕೆ ಇಲ್ಲಿ ಇನ್ನೂ ಹಲವರಿಗಿದೆ. ನಾನು ಅದನ್ನು ಒಪ್ಪುವುದಿಲ್ಲ.

ತುಂಬುವ ಮದ್ಯಸಾರದ ಪ್ರಮಾಣವನ್ನು ಶೇಕಡಾ 62.5ರಿಂದ 55ಕ್ಕೆ ಇಳಿಸಿದೆ. ನೀರು ಹೆಚ್ಚಿದ್ದರೆ ಮರದ ಸಕ್ಕರೆಗಳು ಚೆನ್ನಾಗಿ ಕರಗುತ್ತವೆ, ಕೊನೆಗೆ ಬಾಟಲಿಗೆ ಇಳಿಸುವಾಗ ಬೆರೆಸಬೇಕಾದ ನೀರೂ ಕಡಿಮೆಯಾಗುತ್ತದೆ. ಅಷ್ಟೇ ಸ್ಪಿರಿಟ್ಟಿಗೆ ಹೆಚ್ಚು ಪೀಪಾಯಿಗಳು ಬೇಕಾಗುವುದರಿಂದ ಲೆಕ್ಕಪತ್ರ ನೋಡುವವರು ನನ್ನೊಡನೆ ಒಂದು ವಾರ ಸರಿಯಾಗಿ ಮಾತನಾಡಲಿಲ್ಲ.

ನಮ್ಮ ಗೋದಾಮು ತಗಡಿನ ಹೊದಿಕೆಯ ನಾಲ್ಕು ಅಂತಸ್ತಿನದು, ಕಾವು ಕೊಡುವ ಯಾವ ವ್ಯವಸ್ಥೆಯೂ ಅದಕ್ಕಿಲ್ಲ. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಹಲಗೆಯೊಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿ ಮರದ ಸಾರವನ್ನು ಹೊತ್ತು ಹಿಂದಿರುಗುತ್ತದೆ. ಒಂದೇ ದಿನ ತುಂಬಿದ ಪೀಪಾಯಿಗಳನ್ನು ನಾನು ಎಲ್ಲ ಅಂತಸ್ತುಗಳಲ್ಲಿಯೂ ಹಂಚಿಟ್ಟು, ವರ್ಷಕ್ಕೆರಡು ಸಲ ತಾಮ್ರದ ಕೊಳವೆಯಿಂದ ಸ್ವಲ್ಪ ಸ್ವಲ್ಪ ತೆಗೆದು ನೋಡುತ್ತಿದ್ದೆ. ಆ ಕೊಳವೆಗೆ ಇಲ್ಲಿನವರು ಇಟ್ಟ ಹೆಸರೇ ವಿಸ್ಕಿ ಕಳ್ಳ. ನಾಲ್ಕು ವರ್ಷಕ್ಕೆ ಮೇಲಿನ ಅಂತಸ್ತಿನ ಒಣ ಸೆಕೆಯಲ್ಲಿ ಮದ್ಯಸಾರಕ್ಕಿಂತ ನೀರೇ ಬೇಗ ಆರಿ ಶೇಕಡಾ 55 ಇದ್ದದ್ದು 58ಕ್ಕೆ ಏರಿತ್ತು, ರುಚಿಯಲ್ಲಿ ಮರವೇ ಮುಂದಿತ್ತು. ನೆಲದಂತಸ್ತಿನದು ಹೂವಿನಂತೆ ಹಗುರವಾಗಿ, ಇನ್ನೂ ಎಳಸಾಗಿಯೇ ಉಳಿದಿತ್ತು. ದೇವತೆಗಳ ಪಾಲೆಂದು ಕರೆಯುವ ಈ ಆವಿಯ ನಷ್ಟ ಕೆಂಟಕಿಯಲ್ಲಿ ವರ್ಷಕ್ಕೆ ಸುಮಾರು ಶೇಕಡಾ 4, ಬೆಂಗಳೂರಿನಲ್ಲಿ ಶೇಕಡಾ 10ರಿಂದ 12. ಊರಿನಿಂದ ಫೋನ್ ಮಾಡುವ ಗೆಳೆಯರು ನಿಮ್ಮ ದೇವತೆಗಳಿಗೆ ಬಾಯಾರಿಕೆ ಕಡಿಮೆ ಎನ್ನುತ್ತಾರೆ.

ಮೊದಲ ಮಿಶ್ರಣಕ್ಕೆ ಹನ್ನೆರಡು ಪೀಪಾಯಿಗಳನ್ನು ಆರಿಸಿದೆ: ನಡುವಿನ ಅಂತಸ್ತುಗಳಿಂದ ಎಂಟು, ನೆಲದಂತಸ್ತಿನಿಂದ ಮೂರು, ಮೇಲಿನಿಂದ ಒಂದು. ಮೇಲಿನದು ಎರಡಾದಾಗ ಒಗರು ನಾಲಿಗೆಯ ಮೇಲೆ ನಿಂತುಬಿಡುತ್ತಿತ್ತು. ಬರಿದಾದ ಪೀಪಾಯಿಗಳಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ. ಇಂಥವು ಸ್ಕಾಟ್ಲೆಂಡಿಗೂ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಹೋಗುತ್ತವೆ. ಮರದ ಮೊದಲ ಬಿರುಸು ನಮ್ಮ ಬರ್ಬನ್ನಿನಲ್ಲೇ ಇಳಿದುಹೋಗಿರುವುದರಿಂದ, ಬಾರ್ಲಿಯ ಮಾಲ್ಟ್ ವಿಸ್ಕಿಗೆ ಅವುಗಳಲ್ಲಿ ತನ್ನ ರುಚಿ ಉಳಿಸಿಕೊಳ್ಳಲು ಎಡೆ ಸಿಗುತ್ತದೆ. ನಮ್ಮ ಹನ್ನೆರಡನ್ನು ಮರುವಾರವೇ ಹಳೆ ಪೀಪಾಯಿಗಳ ವ್ಯಾಪಾರಿಯೊಬ್ಬರು ಲಾರಿಗೆ ಹೇರಿಕೊಂಡು ಹೋದರು.